ಶಸ್ತ್ರಚಿಕಿತ್ಸೆ ಕಲಿಸುವ ದೇಹಕ್ಕೆ ಫಾರ್ಮಲಿನ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ರಾಜ್ಯದಲ್ಲಿ ದೇಹದಾನದ ಬಗ್ಗೆ ಮೊದಲಿದ್ದ ಅಂಜಿಕೆ ಈಗಿಲ್ಲ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರ ದೇಹವನ್ನು ಅವರ ಇಚ್ಛೆಯಂತೆಯೇ 2010ರಲ್ಲಿ ಬೆಳಗಾವಿಯಲ್ಲಿ ಸ್ವಂತ ಮಗನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಿದ್ದು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಾತಿಗೆ ಬಂದಿತ್ತು. ಆ ದೇಹ ಎರಡು ವರ್ಷ ಕೆಡದೆ ಉಳಿದದ್ದು ಎಂಬಾಮಿಂಗ್‌ನಿಂದ, ಎಂದರೆ ರಕ್ತನಾಳಗಳ ಮೂಲಕ ಕೆಡದಂತೆ ಕಾಯುವ ದ್ರಾವಣ ತುಂಬುವುದರಿಂದ. ದಾನ ಕೊಡುವವರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಅದು ಒಳ್ಳೆಯದೇ. ಆದರೆ ದೇಹ ಕಾಲೇಜಿನ ಬಾಗಿಲು ದಾಟಿದ ಮೇಲೆ ಅದಕ್ಕೆ ಯಾವ ದ್ರಾವಣ ಹೋಗುತ್ತದೆ, ಆ ದ್ರಾವಣದಿಂದ ದೇಹ ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗದೆ ಹೋಗುತ್ತದೆ ಎಂಬುದು ಎಲ್ಲೂ ಚರ್ಚೆಗೆ ಬಂದಿಲ್ಲ. ಅದಕ್ಕಾಗಿ ಈ ಪತ್ರ.

ನಮ್ಮ ಮಾತು ಇಷ್ಟು: ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳ ಛೇದನಕ್ಕೆ ಬೇಕಾದ ದೇಹ ಬೇರೆ, ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವಿದ್ಯಾರ್ಥಿಗಳ ಕೈ ಪಳಗಿಸಲು ಬೇಕಾದ ದೇಹ ಬೇರೆ. ಯಾವುದಕ್ಕೆ ಎಂಬುದನ್ನು ಮೊದಲ ಕ್ಯಾನುಲಾ (ದ್ರಾವಣ ಹಾಯಿಸಲು ರಕ್ತನಾಳಕ್ಕೆ ಹಾಕುವ ಕೊಳವೆ) ಒಳಗೆ ಹೋಗುವ ಮುನ್ನವೇ ತೀರ್ಮಾನಿಸಬೇಕು. ಗಟ್ಟಿ ಫಾರ್ಮಲಿನ್ ಒಳಹೊಕ್ಕ ದೇಹವನ್ನು ಆಮೇಲೆ ಮೆದು ಮಾಡಲು ಬರುವುದಿಲ್ಲ. ಬಂದ ದೇಹಕ್ಕೆಲ್ಲ ಒಂದೇ ಹಳೆಯ ಮಿಶ್ರಣ ಕೊಟ್ಟು, ವರ್ಷದ ನಂತರ ಅದೇ ದೇಹವನ್ನು ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಹಾಕಿ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಕಾರ್ಯಾಗಾರಕ್ಕೆ ಹೊರತೆಗೆಯುವುದು ದಾನಿಗೂ ಕಲಿಯುವವರಿಗೂ ಮಾಡುವ ಅನ್ಯಾಯ.

ಹಳೆಯ ಮಿಶ್ರಣದ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿದ ಶೇ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್. ಅದು ಗಟ್ಟಿಕಟ್ಟದಿರಲಿ ಎಂದು ಶೇ 10–15ರಷ್ಟು ಮೆಥನಾಲ್ ಬೆರೆತಿರುತ್ತದೆ. ಮಧ್ಯಮ ಗಾತ್ರದ ಒಂದು ದೇಹಕ್ಕೆ ಸುಮಾರು 10 ಲೀಟರ್ ದ್ರಾವಣ ಹಿಡಿಯುತ್ತದೆ. ಪ್ರಮಾಣಗಳು ಕಾಲೇಜಿನಿಂದ ಕಾಲೇಜಿಗೆ ಬದಲಾದರೂ ಸಾಮಾನ್ಯವಾಗಿ ಅದರಲ್ಲಿ ಒಂದೂವರೆಯಿಂದ ಎರಡೂವರೆ ಲೀಟರ್ ಫಾರ್ಮಲಿನ್, ಎರಡು-ಮೂರು ಲೀಟರ್ ಸ್ಪಿರಿಟ್, ಒಂದು ಲೀಟರ್ ಆಸುಪಾಸು ಗ್ಲಿಸರಿನ್, ಅರ್ಧ ಲೀಟರ್‌ವರೆಗೆ ಫೀನಾಲ್, ಒಂದಿಷ್ಟು ಸೋಡಿಯಂ ಸಿಟ್ರೇಟ್, ಬೋರಾಕ್ಸ್, ಬಣ್ಣಕ್ಕೆ ಚಿಟಿಕೆ ಇಯೋಸಿನ್ ಇರುತ್ತವೆ. ಉಳಿದದ್ದು ನೀರು. ಫಾರ್ಮಾಲ್ಡಿಹೈಡ್ ಪ್ರೋಟೀನಿನ ಸರಪಳಿಗಳ ನಡುವೆ ಅಡ್ಡಕೊಂಡಿ ಹಾಕುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಸ್ಪಿರಿಟ್ ದ್ರಾವಣವನ್ನು ಒಳಕ್ಕೆ ಹರಡುತ್ತದೆ. ಗ್ಲಿಸರಿನ್ ತೇವ ಹಿಡಿದಿಡುತ್ತದೆ. ಸಿಟ್ರೇಟ್ ಕ್ಯಾಲ್ಸಿಯಂ ಕಟ್ಟಿಹಾಕಿ ಹೊಸ ಹೆಪ್ಪು ಕಟ್ಟದಂತೆ ತಡೆಯುತ್ತದೆ. ಬೋರಾಕ್ಸ್ ಆಮ್ಲೀಯತೆ ಏರದಂತೆ ನೋಡಿಕೊಳ್ಳುತ್ತದೆ. ಫೀನಾಲ್ ಇರುವುದು ಬೂಷ್ಟಿಗೆ.

ಇದರಿಂದ ದೇಹ ವರ್ಷಗಟ್ಟಲೆ ಉಳಿಯುತ್ತದೆ, ನಿಜ. ಆದರೆ ಅಡ್ಡಕೊಂಡಿ ಬಿದ್ದ ಪ್ರೋಟೀನು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಕೂರುತ್ತದೆ. ಸ್ನಾಯು ಕಂದುಬೂದು ಬಣ್ಣಕ್ಕೆ ತಿರುಗುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಕಲಿಸುವಾಗ ಮೊದಲು ಹೇಳಿಕೊಡುವುದೇ ಪಿತ್ತಕೋಶದ ಬುಡದಲ್ಲಿರುವ ಕ್ಯಾಲೋ ತ್ರಿಕೋನ ಎಂಬ ಜಾಗವನ್ನು ಬಿಡಿಸುವುದು. ಪಿತ್ತಕೋಶವನ್ನು ಹಿಡಿದು ಮೇಲಕ್ಕೆಳೆದಾಗ ಪೊರೆ ಬಿಗಿಯಾಗಿ, ಅದರ ಅಡಿಯಲ್ಲಿ ಪಿತ್ತಕೋಶದ ನಾಳವೂ ಅಪಧಮನಿಯೂ ಬೇರೆ ಬೇರೆಯಾಗಿ ಕಾಣಬೇಕು. ಗಟ್ಟಿ ಫಾರ್ಮಲಿನ್ ಹೋದ ದೇಹದಲ್ಲಿ ಪಿತ್ತಕೋಶ ಯಕೃತ್ತಿಗೆ ಅಂಟಿ ಕೂತಿರುತ್ತದೆ. ಎಳೆದರೆ ಪೊರೆ ಹಿಗ್ಗುವ ಬದಲು ಹರಿಯುತ್ತದೆ, ಪದರಗಳು ಬೇರಾಗುವುದಿಲ್ಲ. ಹೊಟ್ಟೆಗೆ 12–15 ಮಿ.ಮೀ. ಪಾದರಸದ ಒತ್ತಡದಲ್ಲಿ ಗಾಳಿ ತುಂಬಿದರೂ ಹೊಟ್ಟೆಯ ಗೋಡೆ ಮೇಲೇಳುವುದಿಲ್ಲ, ಕ್ಯಾಮೆರಾ ತಿರುಗಿಸಲು ಜಾಗವಿರುವುದಿಲ್ಲ. ಭುಜದ ಕೀಲು ಮಲಗಿಸಿದ ಭಂಗಿಯಲ್ಲೇ ಬಿಗಿದಿರುತ್ತದೆ, ಹಾಗಾಗಿ ಆರ್ಥ್ರೋಸ್ಕೋಪಿಗೆ (ಕೀಲಿನೊಳಗೆ ಕ್ಯಾಮೆರಾ ಇಳಿಸಿ ನೋಡುವುದಕ್ಕೆ) ರಂಧ್ರ ಹಾಕುವ ಜಾಗವೇ ತಪ್ಪುತ್ತದೆ. ದವಡೆ ತೆರೆಯದು, ಕತ್ತು ಹಿಂದಕ್ಕೆ ಬಾಗದು. ಅರಿವಳಿಕೆ ವಿಭಾಗದವರು ಶ್ವಾಸನಾಳಕ್ಕೆ ಕೊಳವೆ ಹಾಕುವುದನ್ನು ಹೇಳಿಕೊಡುವುದಾದರೂ ಹೇಗೆ? ಇಂಥ ದೇಹದ ಮೇಲೆ ಕಲಿತ ಕೈ ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕುವುದನ್ನು ರೂಢಿಸಿಕೊಳ್ಳುತ್ತದೆ. ಅದು ಜೀವಂತ ರೋಗಿಯ ಮೇಲೆ ಅಪಾಯ.

ಇದಕ್ಕೆ ದಾರಿಗಳಿವೆ. ಆಸ್ಟ್ರಿಯಾದ ಗ್ರಾಜ್ ನಗರದ ಅಂಗರಚನಾ ಶಾಸ್ತ್ರಜ್ಞ ವಾಲ್ಟರ್ ಥೀಲ್ ದಶಕಗಳ ಕಾಲ ಪ್ರಯತ್ನಪಟ್ಟು ರೂಪಿಸಿದ ವಿಧಾನ 1992ರಲ್ಲಿ ಪ್ರಕಟವಾಯಿತು. ಬೋರಿಕ್ ಆಮ್ಲ, ಅಮೋನಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಎಥಿಲೀನ್ ಗ್ಲೈಕಾಲ್, ಕ್ಲೋರೋಕ್ರೆಸಾಲ್, ಸೋಡಿಯಂ ಸಲ್ಫೈಟ್ ಇದರ ಮುಖ್ಯ ಸಾಮಗ್ರಿ. ಒಂದು ದೇಹಕ್ಕೆ ಸುಮಾರು 15 ಲೀಟರ್ ದ್ರಾವಣ ಹೋಗುತ್ತದೆ, ಅದರಲ್ಲಿ ಫಾರ್ಮಲಿನ್ ಕೇವಲ 300 ಮಿಲಿ ಲೀಟರ್. ಲೆಕ್ಕ ಹಾಕಿದರೆ ಫಾರ್ಮಾಲ್ಡಿಹೈಡ್ ಶೇ 1ಕ್ಕಿಂತಲೂ ಕಡಿಮೆ. 10 ಲೀಟರಿಗೆ 2 ಲೀಟರ್ ಫಾರ್ಮಲಿನ್ ಹಾಕುವ ನಮ್ಮ ಮಿಶ್ರಣದಲ್ಲಿ ಅದು ಶೇ 7ನ್ನು ದಾಟುತ್ತದೆ. ಕೆಡದಂತೆ ಕಾಯುವ ಕೆಲಸವನ್ನು ಥೀಲ್ ವಿಧಾನದಲ್ಲಿ ಲವಣಗಳೂ ಬೋರಿಕ್ ಆಮ್ಲವೂ ಗ್ಲೈಕಾಲೂ ಕ್ಲೋರೋಕ್ರೆಸಾಲೂ ಹಂಚಿಕೊಳ್ಳುತ್ತವೆ. ಸಲ್ಫೈಟ್ ಮತ್ತು ನೈಟ್ರೇಟುಗಳು ಬಣ್ಣ ಉಳಿಸುತ್ತವೆ. ಚುಚ್ಚಿದ ಮೇಲೆ ದೇಹವನ್ನು ತೊಟ್ಟಿಯ ದ್ರಾವಣದಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡಬೇಕು, ಕಡಿಮೆಯೆಂದರೂ ಎರಡು ತಿಂಗಳು. ಹೊರಬಂದಾಗ ಕೀಲುಗಳು ಬಾಗುತ್ತವೆ, ಸ್ನಾಯು ಕೆಂಪಾಗಿರುತ್ತದೆ, ಹೊಟ್ಟೆ ಉಬ್ಬುತ್ತದೆ. ಅಲ್ಟ್ರಾಸೌಂಡ್ ಪರದೆಯ ಮೇಲೆ ನರ ಗುರುತಿಸಿ ಅದರ ಸುತ್ತ ಸೂಜಿ ತರುವ ಅಭ್ಯಾಸಕ್ಕೂ ಒದಗುತ್ತದೆ. ಸ್ಕಾಟ್‌ಲೆಂಡಿನ ಡಂಡೀ ವಿಶ್ವವಿದ್ಯಾಲಯ ಈ ವಿಧಾನವನ್ನೇ ತನ್ನ ಮುಖ್ಯ ಪದ್ಧತಿ ಮಾಡಿಕೊಂಡಿದೆ.

ಹಾಗೆಂದು ಥೀಲ್ ವಿಧಾನವನ್ನು ಕಣ್ಣುಮುಚ್ಚಿ ತರುವುದೂ ತಪ್ಪು. ಮೆದುಳು ಇದರಲ್ಲಿ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಆದ್ದರಿಂದ ನರಶಸ್ತ್ರಚಿಕಿತ್ಸೆಗೆ ಬಾರದು. ಬೋರಿಕ್ ಆಮ್ಲ ಸ್ನಾಯುವಿನ ಎಳೆಗಳನ್ನು ತುಂಡರಿಸುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ, ಹಾಗಾಗಿ ಸ್ನಾಯು-ಸ್ನಾಯುರಜ್ಜುಗಳ ಬಲ ಅಳೆಯುವ ಸಂಶೋಧನೆಗೆ ಇಂಥ ದೇಹ ನಂಬಲರ್ಹವಲ್ಲ. ಚರ್ಮದ ಮೇಲ್ಪದರ ಸುಲಿದು ಬರುತ್ತದೆ. ಒಂದು ದೇಹಕ್ಕೆ ಒಂದು ತೊಟ್ಟಿ ತಿಂಗಳುಗಟ್ಟಲೆ ಮೀಸಲು. ಎಥಿಲೀನ್ ಗ್ಲೈಕಾಲ್ ವಿಷ, ಅದಕ್ಕೆ ಬದಲು ಪ್ರೊಪಿಲೀನ್ ಗ್ಲೈಕಾಲ್ ಬಳಸುವ ರೂಢಿ ಬಂದಿದೆ, ಖರ್ಚು ಹೆಚ್ಚು. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ. ಅಮೋನಿಯಂ ನೈಟ್ರೇಟ್ ಸ್ಫೋಟಕಕ್ಕೂ ಬಳಕೆಯಾಗುವ ವಸ್ತು, 2012ರ ಅಮೋನಿಯಂ ನೈಟ್ರೇಟ್ ನಿಯಮಗಳ ಹಿಡಿತದಲ್ಲಿದೆ. ತೊಟ್ಟಿ ಕಟ್ಟಿಸಿದ ಮೇಲೆ ಪರವಾನಗಿಗೆ ಅಲೆಯುವ ಬದಲು ಕಾಲೇಜು ಮೊದಲೇ ಜಿಲ್ಲಾಡಳಿತದೊಡನೆ ಈ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು.

ಜಿಲ್ಲಾ ಮಟ್ಟದ ಸರ್ಕಾರಿ ಕಾಲೇಜುಗಳಿಗೆ ಹೆಚ್ಚು ಹೊಂದುವುದು ಉಪ್ಪಿನ ಸಂತೃಪ್ತ ದ್ರಾವಣದ ವಿಧಾನ ಎಂಬುದು ನಮ್ಮ ಅಭಿಪ್ರಾಯ. ಕೋಲ್‌ಮನ್ ಮತ್ತು ಕೋಗನ್ ಇದನ್ನು 1998ರಲ್ಲಿ ಪ್ರಕಟಿಸಿದರು, ಆಮೇಲೆ ಜಪಾನಿನವರು ಶಸ್ತ್ರಚಿಕಿತ್ಸಾ ತರಬೇತಿಗೆ ಒಗ್ಗಿಸಿ ನೋಡಿದರು. ನೀರಿನಲ್ಲಿ ಕರಗುವಷ್ಟೂ ಅಡುಗೆ ಉಪ್ಪು, ಎಂದರೆ ಲೀಟರಿಗೆ ಸುಮಾರು 360 ಗ್ರಾಂ. ಜೊತೆಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಗ್ಲಿಸರಿನ್, ಸ್ವಲ್ಪ ಫೀನಾಲ್, ತೀರಾ ಕಡಿಮೆ ಫಾರ್ಮಲಿನ್. ತೊಟ್ಟಿ ಬೇಡ, ವಿಶೇಷ ಪರವಾನಗಿ ಬೇಡ, ಉಪ್ಪು ಎಲ್ಲೆಡೆ ಸಿಗುತ್ತದೆ. ಕೀಲುಗಳು ಥೀಲ್ ದೇಹದಷ್ಟು ಸಡಿಲವಲ್ಲದಿದ್ದರೂ ತರಬೇತಿಗೆ ಸಾಕಷ್ಟು ಬಾಗುತ್ತವೆ.

ಈ ವಿಧಾನದಲ್ಲಿ ಕೈಕೊಡುವ ಜಾಗ ಮಿಶ್ರಣ ಮಾಡುವ ಹಂತ. ಉಪ್ಪು ತುಂಬಿದ ನೀರಿಗೆ ಆಲ್ಕೋಹಾಲ್ ಸುರಿದ ಕೂಡಲೇ ಉಪ್ಪು ಹೊರಬೀಳತೊಡಗುತ್ತದೆ, ಆಲ್ಕೋಹಾಲ್ ಮೇಲೆ ಪದರವಾಗಿ ನಿಲ್ಲುತ್ತದೆ. ಹಾಗೇ ಬಿಟ್ಟರೆ ಮೊದಲು ಹೋಗುವುದು ಬರೀ ಉಪ್ಪುನೀರು, ಕೊನೆಗೆ ಹೋಗುವುದು ಬರೀ ಆಲ್ಕೋಹಾಲ್. ಹರಳುಗಳು ಕ್ಯಾನುಲಾದ ಬಾಯಿ ಮುಚ್ಚುತ್ತವೆ. ಆಲ್ಕೋಹಾಲನ್ನು ಕೊನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಬಟ್ಟೆಯಲ್ಲಿ ಸೋಸಿ, ಚುಚ್ಚುವಾಗಲೂ ಪಾತ್ರೆಯನ್ನು ಕಲಕುತ್ತಲೇ ಇರಬೇಕು. ಪಂಪ್ ಬಳಸಿದರೆ ಕೆಲಸ ಮುಗಿದ ತಕ್ಷಣ ಸಾದಾ ನೀರು ಹಾಯಿಸಿ ತೊಳೆಯಬೇಕು, ಇಲ್ಲದಿದ್ದರೆ ಮುಂದಿನ ಸಲ ಪಂಪ್ ತಿರುಗದು. ಸ್ಟೀಲ್ ಮೇಜುಗಳಿಗೂ ಉಪ್ಪು ಆಗಿಬರುವುದಿಲ್ಲ. ಮಂಗಳೂರು-ಉಡುಪಿಯ ಕಡೆ ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಎಳೆದುಕೊಂಡು ದೇಹದಿಂದ ನೀರು ಜಿನುಗುತ್ತದೆ. ಮೇಜಿಗೆ ಇಳಿಜಾರೂ ಬಸಿಯುವ ಕೊಳವೆಯೂ ಇರಬೇಕು.

ಮೂರನೆಯದು ಏನೂ ಚುಚ್ಚದೆ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಡುವುದು. ಅಂಗಾಂಶದ ಗುಣದಲ್ಲಿ ಜೀವಂತ ದೇಹಕ್ಕೆ ಅತಿ ಹತ್ತಿರ ಇದೇ, ದೊಡ್ಡ ತರಬೇತಿ ಕೇಂದ್ರಗಳು ಇದನ್ನೇ ಬಯಸುತ್ತವೆ. ಆದರೆ ಮುಂಡಭಾಗ ಕರಗಲು ಎರಡು-ಮೂರು ದಿನ ಹಿಡಿಯುತ್ತದೆ. ಹೊರಮೈ ಮೆತ್ತಗಾಗಿದೆ ಎಂದು ಕೆಲಸ ಶುರುಮಾಡಿದರೆ ಒಳಗೆ ಯಕೃತ್ತು ಇನ್ನೂ ಮಂಜುಗಡ್ಡೆ. ಕರಗಿದ ಮೇಲೆ ಕೆಲವೇ ದಿನ ಬಳಸಬಹುದು. ಮತ್ತೆ ಮತ್ತೆ ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಜೀವಕೋಶ ಸೀಳಿ ಅಂಗಾಂಶ ನೀರೊಡೆಯುತ್ತದೆ. ಶೀತ ವೈರಸ್ಸನ್ನು ಕೊಲ್ಲುತ್ತದೆ ಎಂದು ನಂಬುವಂತಿಲ್ಲ, ಆದ್ದರಿಂದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಇಂಥ ದೇಹವನ್ನು ತರಬೇತಿಗೆ ತರಲೇಬಾರದು. ಕರೆಂಟ್ ಹೋದರೆ ಜನರೇಟರ್ ತಾನಾಗಿ ಹತ್ತಿಕೊಳ್ಳುವ ವ್ಯವಸ್ಥೆ ಇಲ್ಲದ ಊರಿನಲ್ಲಿ ಈ ವಿಧಾನದ ಮಾತೇ ಬೇಡ.

ಇನ್ನು ಯಾವ ವಿಧಾನವಾದರೂ ಚುಚ್ಚುವ ಕೈ ಸರಿಯಿರಬೇಕು. ಎಷ್ಟೋ ಕಡೆ ಈ ಕೆಲಸ ಬಾಯಿಮಾತಿನಲ್ಲಿ ಕಲಿತ ಅಟೆಂಡರ್ ಒಬ್ಬರ ಮೇಲೆ ಬಿದ್ದಿದೆ. ಅವರ ಅನುಭವ ದೊಡ್ಡದು. ಅದು ಬರಹಕ್ಕೆ ಇಳಿಯದಿದ್ದರೆ ಅವರು ನಿವೃತ್ತರಾದ ದಿನವೇ ಕೈಬಿಟ್ಟುಹೋಗುತ್ತದೆ.

ತೊಡೆಸಂದಿನ ಮಡಿಕೆಯ ನಡುವಿನಿಂದ ಕೆಳಕ್ಕೆ ಐದಾರು ಸೆಂಟಿಮೀಟರ್ ಉದ್ದ ಕೊಯ್ದು ಫೀಮೋರಲ್ ಅಪಧಮನಿಯನ್ನು ಬಿಡಿಸಿಕೊಳ್ಳುವುದು ವಾಡಿಕೆ. ಹೊರಬದಿಗೆ ನರ, ನಡುವೆ ಅಪಧಮನಿ, ಒಳಬದಿಗೆ ಅಭಿಧಮನಿ. ದಪ್ಪ ಗೋಡೆಯ, ಒತ್ತಿದರೆ ಪೂರ್ತಿ ಚಪ್ಪಟೆಯಾಗದ ಕೊಳವೆಯೇ ಅಪಧಮನಿ. ಅದರ ಅಗಲದ ಅರ್ಧದಷ್ಟು ಮಾತ್ರ ಅಡ್ಡ ಕತ್ತರಿಸಿ ಕ್ಯಾನುಲಾವನ್ನು ಮೊದಲು ತಲೆಯ ಕಡೆಗೆ ತಿರುಗಿಸಿ ದಾರದಿಂದ ಬಿಗಿಯಬೇಕು. ಪೂರ್ತಿ ಕತ್ತರಿಸಿದರೆ ತುದಿಗಳು ಒಳಕ್ಕೆ ಸರಿದುಕೊಳ್ಳುತ್ತವೆ. ಮೇಲ್ಭಾಗ ತುಂಬಿದ ಮೇಲೆ ಅದೇ ಕ್ಯಾನುಲಾವನ್ನು ಪಾದದ ಕಡೆಗೆ ತಿರುಗಿಸಿ ಒಂದು ಲೀಟರಿನಷ್ಟು ಕೊಡಬೇಕು. ಈ ಎರಡನೇ ಹಂತ ಬಿಟ್ಟರೆ ಕ್ಯಾನುಲಾ ಹಾಕಿದ ಕಾಲಿಗೇ ದ್ರಾವಣ ಸಿಗದೆ ಅದೇ ಮೊದಲು ಕೆಡುತ್ತದೆ. ಕೊಳವೆಯಲ್ಲಿ ಗಾಳಿ ಉಳಿದಿದ್ದರೆ ಹರಿವು ನಡುವೆಯೇ ನಿಲ್ಲುತ್ತದೆ, ಆದ್ದರಿಂದ ಕಟ್ಟುವ ಮುನ್ನ ದ್ರಾವಣ ಹರಿಸಿ ಗಾಳಿ ಕಳೆಯಬೇಕು.

ಒತ್ತಡದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಪಾತ್ರೆಯನ್ನು ದೇಹಕ್ಕಿಂತ ಒಂದೂವರೆ ಮೀಟರ್ ಎತ್ತರದಲ್ಲಿ ತೂಗುಹಾಕಿದರೆ ಸಿಗುವುದು ಸುಮಾರು 110 ಮಿ.ಮೀ. ಪಾದರಸದಷ್ಟು ಒತ್ತಡ, ಎರಡು ಮೀಟರಿಗೆ 147. ಬದುಕಿದ್ದಾಗಿನ ರಕ್ತದೊತ್ತಡದ ಆಸುಪಾಸು ಅದು. ನಿಧಾನ, ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಲೋಮನಾಳಗಳು ಒಡೆಯುವುದಿಲ್ಲ. ಪಂಪ್ ಇಟ್ಟು ಅರ್ಧ ಗಂಟೆಯಲ್ಲಿ ಮುಗಿಸುವ ಅವಸರ ಮಾಡಿದರೆ ಮುಖ ಊದಿಕೊಳ್ಳುತ್ತದೆ, ಶ್ವಾಸಕೋಶಕ್ಕೆ ದ್ರಾವಣ ಸೋರಿ ಮೂಗು-ಬಾಯಿಯಿಂದ ನೊರೆ ಬರುತ್ತದೆ, ಕೈಕಾಲಿನ ತುದಿಗೆ ಮಾತ್ರ ಏನೂ ತಲುಪಿರುವುದಿಲ್ಲ. ಶಸ್ತ್ರಚಿಕಿತ್ಸಾ ತರಬೇತಿಗಾದರೆ ಇನ್ನೊಂದು ಹೆಜ್ಜೆ ಬೇಕು. ಮೊದಲು ಸಿಟ್ರೇಟ್ ಬೆರೆಸಿದ ನೀರು ಹಾಯಿಸಿ, ಪಕ್ಕದ ಅಭಿಧಮನಿ ತೆರೆದು, ರಕ್ತ ತಿಳಿಯಾಗುವವರೆಗೆ ಹೊರಬಿಡಬೇಕು. ರಕ್ತದ ಮೇಲೆಯೇ ಫಾರ್ಮಲಿನ್ ಹೋದರೆ ಹೆಪ್ಪು ಕಲ್ಲಿನಂತೆ ಕೂತು, ಆಮೇಲೆ ರಕ್ತನಾಳಗಳಿಗೆ ಕೆಂಪು-ನೀಲಿ ಲ್ಯಾಟೆಕ್ಸ್ ತುಂಬುವುದು ಸಾಧ್ಯವಾಗುವುದಿಲ್ಲ.

ದ್ರಾವಣ ತಲುಪಿದೆಯೇ ಎಂದು ಹೊರಗಿನಿಂದ ತಿಳಿಯುವುದಕ್ಕೆ ಕಿವಿಯ ಹಾಲೆ, ತುಟಿ, ಉಗುರಿನ ಬುಡ ನೋಡಬೇಕು. ಇಯೋಸಿನ್ ಹಾಕಿದ್ದರೆ ನಸುಗೆಂಪು ಕಾಣುತ್ತದೆ. ಮೇಲ್ಮೈ ಅಭಿಧಮನಿಗಳು ತುಂಬಿ ಕಾಣುತ್ತವೆ, ಚರ್ಮ ಬಿಗಿಯುತ್ತದೆ. ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ ಕಾಲಿನ ಅಪಧಮನಿ ಸುಣ್ಣಗಟ್ಟಿ ಮುಚ್ಚಿರುವುದು ಸಾಮಾನ್ಯ. ಅಂಥಲ್ಲಿ ಮಂಡಿಯ ಹಿಂದಿನ ಅಪಧಮನಿಯಿಂದಲೋ, ಕೈಗಾದರೆ ತೋಳಿನ ಅಪಧಮನಿಯಿಂದಲೋ ಮತ್ತೊಮ್ಮೆ ಕೊಡಬೇಕು. ಅಂಗೈ, ಅಂಗಾಲು, ಪೃಷ್ಠಕ್ಕೆ ಉದ್ದ ಸೂಜಿಯಿಂದ ನೇರವಾಗಿ ಚುಚ್ಚಬೇಕು. ದೇಹ ಸೆಟೆದ ಹಂತದಲ್ಲಿದ್ದರೆ ಕೀಲುಗಳನ್ನು ಮೆಲ್ಲಗೆ ಬಾಗಿಸಿ ಬಿಡಿಸಿಕೊಳ್ಳಬೇಕು. ಕಣ್ಣು ದಾನವಾಗಿದ್ದರೆ ಕಣ್ಣಿನ ಗುಳಿಯಿಂದ ದ್ರಾವಣ ಸೋರುತ್ತದೆ, ಮೊದಲೇ ಹತ್ತಿ ತುಂಬಿ ರೆಪ್ಪೆ ಹೊಲಿಯಬೇಕು. ಹೊಟ್ಟೆಯೊಳಗಿನ ಕೊಳೆತ ತಡೆಯಲೆಂದು ಟ್ರೋಕಾರ್ (ಚೂಪು ತುದಿಯ ದಪ್ಪ ಕೊಳವೆ) ಚುಚ್ಚಿ ದ್ರಾವಣ ತುಂಬುವ ಪದ್ಧತಿ ಛೇದನದ ದೇಹಕ್ಕೆ ಸರಿ. ಲ್ಯಾಪರೊಸ್ಕೋಪಿಗೆ ಇಟ್ಟ ದೇಹಕ್ಕೆ ಅದನ್ನು ಮಾಡಲೇಕೂಡದು. ಕರುಳು ತೂತಾಗಿ ಒಳಗಿನದು ಹೊರಚೆಲ್ಲುತ್ತದೆ, ಗೋಡೆಯ ತೂತಿನಿಂದ ಗಾಳಿ ಸೋರುತ್ತದೆ.

ಸಮಯದ ಮಾತನ್ನು ದಾನಿಗಳ ಮನೆಯವರೂ ಗಮನಿಸಲಿ ಎಂದು ಬರೆಯುತ್ತಿದ್ದೇವೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ರಕ್ತನಾಳದೊಳಗೆ ಹರಡುತ್ತವೆ. ಹೊಟ್ಟೆಯ ಬಲ ಕೆಳಭಾಗ ಹಸಿರಾಗತೊಡಗಿತೆಂದರೆ ಆ ದೇಹ ಮೃದು ವಿಧಾನಗಳಿಗೆ ಒದಗುವುದಿಲ್ಲ, ಆಗ ಗಟ್ಟಿ ಫಾರ್ಮಲಿನ್ ಒಂದೇ ಗತಿ. ದೂರದ ನೆಂಟರು ಬರಲಿ ಎಂದು ಕಾಯುವುದು ಸಹಜ. ಕಾಯುವುದಾದರೆ ಫ್ರೀಜರ್ ಬಾಕ್ಸ್ ತರಿಸಿ, ಕಾಲೇಜಿಗೆ ಫೋನ್ ಮಾಡಿ ಹೊತ್ತು ನಿಗದಿ ಮಾಡಿಕೊಳ್ಳಿ. ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆದಿಡಿ. ಮರಣೋತ್ತರ ಪರೀಕ್ಷೆ ಆದ ದೇಹದಲ್ಲಿ ರಕ್ತನಾಳಗಳು ಕತ್ತರಿಸಿಹೋಗಿರುವುದರಿಂದ ದ್ರಾವಣ ಎಲ್ಲೆಡೆ ಹರಿಯುವುದಿಲ್ಲ, ಅಂಥ ದೇಹವನ್ನು ಕಾಲೇಜು ನಿರಾಕರಿಸಿದರೆ ಅದು ಅಗೌರವವಲ್ಲ.

ಫಾರ್ಮಲಿನ್ ಕಡಿಮೆ ಮಾಡಬೇಕೆನ್ನಲು ಇನ್ನೊಂದು ಗಂಭೀರ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಎಂಟು ಗಂಟೆಯ ಕೆಲಸದ ಸರಾಸರಿಗೆ ಅಮೆರಿಕದ ಕಾನೂನು ಇಟ್ಟ ಮಿತಿ ಗಾಳಿಯ ದಶಲಕ್ಷ ಭಾಗಕ್ಕೆ 0.75 ಭಾಗ, ಐರೋಪ್ಯ ಒಕ್ಕೂಟದ್ದು 0.3. ನಮ್ಮ ಎಷ್ಟು ಡಿಸೆಕ್ಷನ್ ಹಾಲ್‌ಗಳಲ್ಲಿ ಇದನ್ನು ಒಮ್ಮೆಯಾದರೂ ಅಳೆದಿದ್ದಾರೆ? ಈ ಆವಿ ಗಾಳಿಗಿಂತ ತುಸು ಭಾರ, ಹೊರಡುವುದು ಮೇಜಿನ ಮೇಲಿನಿಂದ. ಗೋಡೆಯ ತುದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಆವಿ ಹೊರಹೋಗುವ ದಾರಿಯೇ ಬಾಗಿ ನಿಂತ ವಿದ್ಯಾರ್ಥಿಯ ಮುಖ. ಗಾಳಿಯನ್ನು ಮೇಜಿನ ಅಂಚಿನಿಂದ ಕೆಳಕ್ಕೆ ಎಳೆಯಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಅದರಿಂದ ತಂಪಾಗುತ್ತದೆಯೇ ಹೊರತು ಆವಿ ಹೋಗುವುದಿಲ್ಲ. ಎನ್-95 ಮಾಸ್ಕ್ ಧೂಳಿಗೆ, ಆವಿಗಲ್ಲ. ಚುಚ್ಚುವ ಸಿಬ್ಬಂದಿಗೆ ಫಾರ್ಮಾಲ್ಡಿಹೈಡ್ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್, ನೈಟ್ರೈಲ್ ಕೈಗವಸು, ಕಣ್ಣಿಗೆ ಗಾಗಲ್ ಕೊಡಲೇಬೇಕು. ಮೂಗಿಗೆ ವಾಸನೆ ಒಗ್ಗಿಹೋಗುವುದರಿಂದ ಹಳೆಯ ಸಿಬ್ಬಂದಿ ‘ಏನೂ ಇಲ್ಲ’ ಎನ್ನುತ್ತಾರೆ. ಅವರಿಗೆ ವಾಸನೆ ಬರುತ್ತಿಲ್ಲ ಅಷ್ಟೇ, ಆವಿ ಇದ್ದೇ ಇರುತ್ತದೆ.

ಕೆಲವು ಸಣ್ಣ ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇವೆ. ಕ್ಯಾನಿನ ತಳದಲ್ಲಿ ಬಿಳಿ ಗಸಿ ನಿಂತ ಫಾರ್ಮಲಿನ್ ಬಲ ಕಳೆದುಕೊಂಡಿರುತ್ತದೆ, ಅದನ್ನು ಅಳತೆಯಂತೆ ಹಾಕಿದರೂ ದೇಹ ಕೆಡಬಹುದು. ಫೀನಾಲ್ ಹರಳು ಸುಮಾರು 41 ಡಿಗ್ರಿಯಲ್ಲಿ ಕರಗುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕು, ನೇರ ಉರಿಗೆ ಒಡ್ಡಬಾರದು. ಅದು ತಾಗಿದ ಜಾಗ ಮರಗಟ್ಟುವುದರಿಂದ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಶವಾಗಾರದ ನೆಲವನ್ನು ಟಾಯ್ಲೆಟ್ ತೊಳೆಯುವ ಆಸಿಡ್‌ನಿಂದ ಉಜ್ಜುವುದನ್ನು ಇಂದೇ ನಿಲ್ಲಿಸಬೇಕು: ಹೈಡ್ರೋಕ್ಲೋರಿಕ್ ಆಮ್ಲವೂ ಫಾರ್ಮಾಲ್ಡಿಹೈಡೂ ಕೂಡಿದರೆ ಬಿಸ್-ಕ್ಲೋರೋಮೀಥೈಲ್ ಈಥರ್ ಎಂಬ ಕ್ಯಾನ್ಸರ್‌ಕಾರಕ ಹುಟ್ಟಬಹುದು. ಬಳಸಿದ ಫಾರ್ಮಲಿನ್ ಚರಂಡಿಗೆ ಹೋಗುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಅದನ್ನು ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯವೆಂದು ಹೆಸರಿಸಿ, ಪ್ರತ್ಯೇಕವಾಗಿ ಸಂಗ್ರಹಿಸಿ ಸಂಸ್ಕರಿಸಬೇಕೆನ್ನುತ್ತವೆ. ಮಳೆಗಾಲದಲ್ಲಿ ಬೂಷ್ಟು ಮೊದಲು ಕಾಣಿಸುವುದು ಕಾಲ್ಬೆರಳ ಸಂದಿ, ಕಿವಿ, ತೊಡೆಸಂದುಗಳಲ್ಲಿ. ಬಿಳಿ ಚುಕ್ಕೆ ಕಂಡ ದಿನವೇ ಫೀನಾಲ್ ಬೆರೆಸಿದ ಸ್ಪಿರಿಟ್‌ನಿಂದ ಒರೆಸಿದರೆ ನಿಲ್ಲುತ್ತದೆ, ಕಪ್ಪಾಗುವವರೆಗೆ ಬಿಟ್ಟರೆ ಚರ್ಮದೊಳಗೆ ಇಳಿದಿರುತ್ತದೆ.

ಸರ್ಕಾರ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ನಾವು ಬಯಸುವುದು ದೊಡ್ಡದೇನಲ್ಲ. ಪ್ರತಿ ದೇಹಕ್ಕೂ ಒಂದು ದಾಖಲೆ ಹಾಳೆ ಕಡ್ಡಾಯವಾಗಲಿ. ಸಾವಿನ ಹೊತ್ತು, ಚುಚ್ಚಲು ಶುರುಮಾಡಿದ ಹೊತ್ತು, ಉದ್ದೇಶ, ದ್ರಾವಣದ ಪ್ರಮಾಣ, ಹೋದ ಲೀಟರು, ತಲುಪದ ಭಾಗ, ಮಾಡಿದವರ ಸಹಿ ಅದರಲ್ಲಿರಲಿ. ವಿಭಾಗಕ್ಕೊಂದರಂತೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯ ಒಂದೊಂದು ಸರ್ಕಾರಿ ಕಾಲೇಜಿನಲ್ಲಿ ಮೃದು ಎಂಬಾಮಿಂಗ್ ಘಟಕ ತೆರೆದು, ಉಪ್ಪಿನ ವಿಧಾನದಿಂದ ಆರಂಭಿಸಿ, ಅನುಭವ ಬಂದ ಮೇಲೆ ಒಂದೆರಡು ಕಡೆ ಥೀಲ್ ತೊಟ್ಟಿ ಇಡಲಿ. ಎಂಬಾಮಿಂಗ್ ತಂತ್ರಜ್ಞರ ಹುದ್ದೆ ಸೃಷ್ಟಿಯಾಗಲಿ, ಅವರಿಗೆ ತರಬೇತಿಯೂ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯೂ ಇರಲಿ. ಇದಕ್ಕಿಂತ ದುಬಾರಿ ಯಂತ್ರಗಳನ್ನು ಕಾಲೇಜುಗಳು ಪ್ರತಿವರ್ಷ ಕೊಳ್ಳುತ್ತಲೇ ಇವೆ.

ಕೊನೆಯದು ದಾನಪತ್ರದ ವಿಷಯ. 1957ರ ಅಂಗರಚನಾಶಾಸ್ತ್ರ ಕಾಯ್ದೆ ರೂಪುಗೊಂಡ ಕಾಲದಲ್ಲಿ ಲ್ಯಾಪರೊಸ್ಕೋಪಿ ತರಬೇತಿ ಇರಲಿಲ್ಲ, ಶುಲ್ಕ ಕೊಟ್ಟು ಬರುವ ವೈದ್ಯರ ಕಾರ್ಯಾಗಾರಗಳೂ ಇರಲಿಲ್ಲ. ಜಪಾನಿನಲ್ಲಿ ಶಸ್ತ್ರಚಿಕಿತ್ಸಕರ ಸಂಘವೂ ಅಂಗರಚನಾ ಶಾಸ್ತ್ರಜ್ಞರ ಸಂಘವೂ ಕೂಡಿ 2012ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದವು. ನಮ್ಮ ದಾನಪತ್ರದಲ್ಲೂ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿ ಇರಬೇಕು: ವಿದ್ಯಾರ್ಥಿಗಳ ಛೇದನಕ್ಕೆ ಒಪ್ಪಿಗೆಯೇ, ವೈದ್ಯರ ಶಸ್ತ್ರಚಿಕಿತ್ಸಾ ತರಬೇತಿಗೆ ಒಪ್ಪಿಗೆಯೇ, ಬಳಕೆ ಮುಗಿದ ಮೇಲೆ ಅಸ್ಥಿ ಮನೆಯವರಿಗೆ ಬೇಕೇ. ಅದರ ಕೆಳಗೆ ಪೇಸ್‌ಮೇಕರ್ ಅಳವಡಿಸಿದ್ದರೆ ಬರೆಯಲು ಒಂದು ಸಾಲು ಇರಲಿ. ಅದನ್ನು ತೆಗೆಯದೆ ಚಿತಾಗಾರಕ್ಕೆ ಕಳಿಸಿದರೆ ಬೆಂಕಿಯಲ್ಲಿ ಸಿಡಿಯುತ್ತದೆ.

— ಅಂಗರಚನಾಶಾಸ್ತ್ರ ಬೋಧಕರು ಮತ್ತು ಎಂಬಾಮಿಂಗ್ ಸಿಬ್ಬಂದಿ